ಬೆನ್ನಿನಿಂದ ಎದೆಗೆ

"ಬಲಗೈಯಲ್ಲಿ ತಾನೆ ಬರೆಯೋದು?" ಎಂದು ಸರ್ಜನ್ ಕೇಳಿದರು. ಹೌದು ಎಂದೆ.

ಅಥವಾ, ಬಲಗೈ ಅಭ್ಯಾಸವೇ ಎಂದು ಕೇಳಿದರೋ ಏನೋ. ಆ ಸಂಜೆ ಬರೆದ ದಿನಚರಿಯಲ್ಲಿ ನನ್ನ ಉತ್ತರ ಮಾತ್ರ ಇದೆ, ಅವರ ಪ್ರಶ್ನೆ ಇಲ್ಲ. ಈಗ ಪ್ರಶ್ನೆಯನ್ನು ನಾನೇ ತುಂಬಬೇಕಾಗಿ ಬಂದಿದೆ. ನನಗೆ ಅನುಕೂಲವಾಗುವ ಹಾಗೆ ತುಂಬುತ್ತಿದ್ದೇನೆಯೇ ಎಂಬ ಅನುಮಾನವಿದೆ. ಆ ವರ್ಷದ ನೆನಪುಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಎಲ್ಲವೂ ಪಕ್ಕದ ಕೋಣೆಯಲ್ಲಿ ಯಾರಿಗೋ ನಡೆದ ಹಾಗೆ ನೆನಪಿದೆ.

ಎಡ ಸ್ತನವನ್ನು ತೆಗೆದು ವರ್ಷದ ಮೇಲಾಗಿತ್ತು. ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಕೀಮೋ ಮುಗಿದಿತ್ತು, ರೇಡಿಯೇಷನ್ ಮುಗಿದಿತ್ತು. ಎದೆಯ ಆ ಭಾಗ ಚಪ್ಪಟೆಯಾಗಿ, ಕಂದಿ, ಮುಟ್ಟಿದರೆ ಗೊತ್ತಾಗದಷ್ಟು ಮರಗಟ್ಟಿತ್ತು. ಚರ್ಮ ಸುಧಾರಿಸಿದೆ, ಇನ್ನು ಹೊಸ ಸ್ತನ ಕಟ್ಟಬಹುದು ಎಂದು ಕ್ಯಾನ್ಸರ್ ವೈದ್ಯರು ಹೇಳಿದ ಮೇಲೆ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಈ ಪ್ಲಾಸ್ಟಿಕ್ ಸರ್ಜನ್‌ರನ್ನು ಕಂಡೆವು. ಅವರು ವಾರಕ್ಕೊಮ್ಮೆ ಮೈಸೂರಿನಿಂದ ಬರುತ್ತಿದ್ದರು. ನನ್ನ ಗಂಡ, ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು.

ಸರ್ಜನ್ ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಸಿಲಿಕೋನ್ ಚೀಲ ಒಂದನ್ನೇ ಇಡಬಹುದು, ಆದರೆ ರೇಡಿಯೇಷನ್ ಆದ ಚರ್ಮ ಹಿಗ್ಗುವುದಿಲ್ಲ. ಚೀಲದ ಸುತ್ತ ಗಾಯದ ಪೊರೆ ಬಿಗಿದು ಕೆಲವರಿಗೆ ಕಲ್ಲಿನಂತಾಗುತ್ತದೆ. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಮೇಲೆ ಕೂರಿಸಬಹುದು. ಅವರು ನನ್ನ ಹೊಟ್ಟೆ ಹಿಂಡಿ ನೋಡಿ, "ಇಲ್ಲಿ ಸಾಮಾನೇ ಇಲ್ವಲ್ಲ ನಿಮಗೆ" ಎಂದರು. ಮೂರನೆಯದು ಬೆನ್ನು. ಭುಜದ ಮೂಳೆಯ ಕೆಳಗಿನ ಅಗಲವಾದ ಸ್ನಾಯುವನ್ನು ಒಂದು ತುಂಡು ಚರ್ಮದ ಸಮೇತ ಬಿಡಿಸಿ, ರಕ್ತನಾಳ ಕಡಿಯದೆ, ಕಂಕುಳಿನ ಒಳಗಿನಿಂದ ತಿರುಗಿಸಿ ಎದೆಗೆ ತರುವುದು. ಅದರಡಿಗೆ ಚಿಕ್ಕದೊಂದು ಚೀಲ. ಇದ್ಯಾವುದೂ ಬೇಡವೆಂದರೆ ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನ.

"ಸೊಂಟದ ಮೇಲೆ ಕೈಯೂರಿ, ಒತ್ತಿ, ಕೆಮ್ಮಿ" ಎಂದರು. ಕೆಮ್ಮಿದೆ. ಕಂಕುಳಿನ ಹಿಂದಿನ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು, "ಚೆನ್ನಾಗಿ ಬಿಗೀತಿದೆ. ನರ ಉಳಿದಿದೆ ಅಂದರೆ ಪಕ್ಕದ ರಕ್ತನಾಳವೂ ಉಳಿದಿರುತ್ತೆ. ಬೆನ್ನೇ ಸರಿ" ಎಂದರು.

"ಆ ಸ್ನಾಯು ಹೋದರೆ ಕೈಗೆ ತೊಂದರೆ ಇಲ್ವಾ ಸಾರ್?" ಇದು ನನ್ನ ಗಂಡ.

"ಮರ ಹತ್ತೋರಿಗೆ, ಈಜೋರಿಗೆ ಕಷ್ಟ. ಇವರಿಗೇನು? ಎಡಗೈ ಬೇರೆ."

ಆಗಲೇ ಬಲಗೈಯ ಪ್ರಶ್ನೆ ಬಂದದ್ದು, ನಾನು ಹೌದೆಂದದ್ದು.

ನಾನು ಪಶುವೈದ್ಯೆ. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆ ನನ್ನದು. ಅದು ಸರ್ಜನ್‌ಗೂ ಗೊತ್ತಿತ್ತು. ನೀವೂ ಡಾಕ್ಟರೇ, ನಿಮಗೆ ಜಾಸ್ತಿ ಹೇಳೋದೇನಿದೆ ಎಂದು ನಕ್ಕಿದ್ದರು. ಅವರಿಗೆ ಗೊತ್ತಿಲ್ಲದ್ದು ಒಂದೇ. ಬಲಗೈಯಲ್ಲಿ ಬರೆಯುವ ಪಶುವೈದ್ಯರಲ್ಲಿ ಹೆಚ್ಚಿನವರು ಹಸುವಿನ ಒಳಗೆ ಹಾಕುವುದು ಎಡಗೈ. ಬಲಗೈ ಹೊರಗಿರಬೇಕು, ಗರ್ಭಧಾರಣೆಯ ಕೊಳವೆ ಹಿಡಿಯಲು, ಹಗ್ಗ ಹಿಡಿಯಲು, ಸೂಜಿ ಹಿಡಿಯಲು. ಕಾಲೇಜಿನಲ್ಲಿ ಹಾಗೇ ಕಲಿಸಿದರು, ಹಾಗೇ ಕಲಿತೆ. ಗರ್ಭಕೋಶ ಎಷ್ಟು ಹಿಗ್ಗಿದೆ, ಕರುವಿನ ಮೂತಿ ಎಲ್ಲಿದೆ ಎಂಬುದೆಲ್ಲ ಗೊತ್ತಿರುವುದು ನನ್ನ ಎಡಗೈಗೆ. ಎಳೆಯುವುದೂ ಅದೇ.

ಇದನ್ನು ಅಲ್ಲೇ ಯಾಕೆ ಹೇಳಲಿಲ್ಲ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಹೊಳೆಯಲಿಲ್ಲ ಎಂಬುದು ಒಂದು ಉತ್ತರ. ಆ ತಿಂಗಳುಗಳಲ್ಲಿ ಯಾರು ಏನು ಕೇಳಿದರೂ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ. ಇನ್ನೊಂದು ಉತ್ತರವೂ ಇದೆ: ನನಗೆ ಸ್ತನ ಬೇಕಿತ್ತು. ಸೀರೆಯ ಸೆರಗು ಒಂದು ಕಡೆ ಜಾರುವುದು ಸಾಕಾಗಿತ್ತು. ಹತ್ತಿ ತುಂಬಿ ಹೊಲಿಸಿದ್ದ ಉಂಡೆ ಸಾಕಾಗಿತ್ತು. ಸ್ನಾನದ ಮನೆಯ ಕನ್ನಡಿಗೆ ಟವೆಲು ಹಾಕುವುದು ಸಾಕಾಗಿತ್ತು. ಸರ್ಜನ್ ದಿನ ಗೊತ್ತು ಮಾಡಿದಾಗ ಸಂತೋಷವಾಗಲಿಲ್ಲ, ಭಯವೂ ಆಗಲಿಲ್ಲ. ಸರಿ ಎಂದೆ.

ಆಪರೇಷನ್‌ಗೆ ಕಾಯುತ್ತಾ ಕೆಲಸಕ್ಕೆ ಹೋಗುತ್ತಿದ್ದೆ. ಸ್ಕೂಟರು ಓಡಿಸುವಂತಿರಲಿಲ್ಲ. ಮದ್ದೂರಿನಲ್ಲಿ ಬಸ್ಸು ಹತ್ತಿ, ಕೆ.ಎಂ. ದೊಡ್ಡಿಯಲ್ಲಿ ಕಾಲೇಜು ಹುಡುಗಿಯರು ಇಳಿದ ಮೇಲೆ ಕಿಟಕಿ ಪಕ್ಕ ಜಾಗ ಸಿಕ್ಕರೆ ಕೂತು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆಮೆಯ ಹಾಗೆ ಸಾಗುವುದು. ಆಸ್ಪತ್ರೆಯಲ್ಲಿ ಲಸಿಕೆ, ಜಂತು ಔಷಧಿ, ವಿಮೆಯ ಪತ್ರ. ಎಡಗೈಗೆ ಬಿಗಿಯಾದ ತೋಳುಚೀಲ ಹಾಕಿಕೊಂಡಿರಬೇಕಿತ್ತು. ಕಂಕುಳಿನ ಗಂಟು ತೆಗೆದ ಕೈಯಲ್ಲಿ ನೀರು ನಿಂತು ಊದಿಕೊಳ್ಳಬಹುದು. ಗಾಯ ಆಗಬಾರದು, ಹಿಂಡಬಾರದು, ಹಸುವಿನೊಳಗೆ ಹಾಕಲೇಬಾರದು ಎಂದಿದ್ದರು. ಒಳಗೆ ಕೈ ಹಾಕುವುದನ್ನೆಲ್ಲ ನನ್ನ ಸಹಾಯಕರು ಮಾಡುತ್ತಿದ್ದರು. ನನಗಿಂತ ಹಿರಿಯರು, ಗಿಡ್ಡ ಆಳು, ಮಾತಿಗೆ ಕಡಿಮೆಯಿಲ್ಲ.

ಒಮ್ಮೆ ಬಗ್ಗಿ ಎಮ್ಮೆಗೆ ಚುಚ್ಚುಮದ್ದು ಕೊಡುವಾಗ ಹತ್ತಿಯ ಉಂಡೆ ಭುಜದ ಕಡೆಗೆ ಸರಿದುಬಿಟ್ಟಿತು. ಸಹಾಯಕರು ಎಮ್ಮೆಯ ಕೊಂಬನ್ನೇ ನೋಡುತ್ತಾ ನಿಂತರು. ಆಮೇಲೆ, "ಮೇಡಂ, ಒಳಗೋಗಿ ನೀರು ಕುಡ್ಕಂಡ್ ಬನ್ನಿ" ಎಂದರು. ಹೋಗಿ ಸರಿಮಾಡಿಕೊಂಡು ಬಂದೆ. ನಗು ಬರಬೇಕಿತ್ತು.

ಆ ಕರೆ ಬಂದದ್ದು ಒಂದು ಬೆಳಿಗ್ಗೆ, ಕಬ್ಬು ಕಡಿಯುವ ಕಾಲದಲ್ಲಿ. ಪಕ್ಕದ ಹಳ್ಳಿಯ ರೈತ ಹೆಂಗಸು. ಅವಳ ಹಸುಗಳ ಹೆರಿಗೆಗೆ ಬಹಳ ವರ್ಷದಿಂದ ಹೋಗುತ್ತಿದ್ದೆ. ಸೀಮೆಹಸು, ಮೊದಲನೇ ಕರು, ಮುಂಜಾನೆಯಿಂದ ತಿಣುಕುತ್ತಿದೆ ಎಂದಳು. ಸಹಾಯಕರ ಬೈಕಿನಲ್ಲಿ ಹೋದೆವು. ಗಂಡಸರೆಲ್ಲ ಗದ್ದೆಯಲ್ಲಿ ಕಬ್ಬು ತುಂಬಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಅವಳೊಬ್ಬಳೇ ಇದ್ದಳು.

ಕರುವಿನ ಎರಡು ಮುಂಗಾಲು ಹೊರಗೆ ಕಾಣುತ್ತಿದ್ದವು, ಮೂತಿ ಇರಲಿಲ್ಲ. ಸಹಾಯಕರು ಸೋಪು ಹಚ್ಚಿಕೊಂಡು ಕೈ ಹಾಕಿದರು. ಹೆಗಲು ತಾಗುವವರೆಗೆ ಹಾಕಿ, ಮುಖ ಹಿಂಡಿಕೊಂಡು ನಿಂತರು.

"ತಲೆ ಹಿಂದಕ್ಕೆ ತಿರೀಕ್ಕಂಡದೆ ಮೇಡಂ. ಕತ್ತು ಸಿಕ್ತದೆ, ಮೂತಿ ಸಿಕ್ತಿಲ್ಲ. ನನ್ ಕೈ ಗಿಡ್ಡ."

ಮಳವಳ್ಳಿಯ ವೈದ್ಯರಿಗೆ ಫೋನು ಮಾಡಿದೆ. ಇನ್ನೊಂದು ಕಡೆ ಇದ್ದರು. ಬರಲು ಮಧ್ಯಾಹ್ನವಾಗುತ್ತದೆ ಎಂದರು.

"ನೀವೇ ನೋಡಿ ಡಾಕ್ಟ್ರಮ್ಮ. ಇಷ್ಟ್ ದಿನ ನೀವೇ ಅಲ್ವಾ ಎಳ್ದಿರೋದು" ಎಂದಳು ಹೆಂಗಸು.

"ಅವ್ರ್ಗೆ ಆಪ್ರೇಸನ್ ಆಗದೆ ಕಣವ್ವ. ಕೈ ಆಕಂಗಿಲ್ಲ" ಎಂದರು ಸಹಾಯಕರು.

"ಆಪ್ರೇಸನ್ ಆಗಿರೋದು ಎದೆಗಲ್ವಾ? ಕೈಗಾ?"

ಅವಳ ಮೇಲೆ ಸಿಟ್ಟು ಬರಲಿಲ್ಲ. ಆಗ ನನಗೆ ಸಿಟ್ಟೂ ಬರುತ್ತಿರಲಿಲ್ಲ. ಬಾಲದ ಬುಡದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಹಸು ತಿಣುಕುವುದು ಕಡಿಮೆಯಾಗಲಿ ಎಂದು. ಮೊದಲು ಬಲಗೈ ಹಾಕಿದೆ. ವೈದ್ಯರ ಮಾತು ಮೀರಬಾರದು, ಕೆಲಸವೂ ಆಗಬೇಕು. ಬಲಗೈಗೆ ಬಿಸಿ ತಿಳಿಯಿತು, ಲೋಳೆ ತಿಳಿಯಿತು. ಯಾವುದು ಕಿವಿ, ಯಾವುದು ಮೊಣಕಾಲು ತಿಳಿಯಲಿಲ್ಲ. ಬೇರೆಯವರ ಮನೆಯಲ್ಲಿ ದೀಪದ ಸ್ವಿಚ್ಚು ತಡಕಾಡಿದ ಹಾಗೆ ತಡಕಾಡಿ ಹೊರತೆಗೆದೆ.

ಆಮೇಲೆ ತೋಳುಚೀಲದ ಮೇಲೆಯೇ ಉದ್ದನೆಯ ಕೈಗವಸು ಏರಿಸಿ ಎಡಗೈ ಹಾಕಿದೆ. ನಿರ್ಧಾರ ಮಾಡಿದೆ ಎಂದು ಬರೆಯಲಾರೆ. ಹಾಕಿದೆ, ಅಷ್ಟೆ.

ಕತ್ತಿನ ಬಾಗು, ಕಿವಿ, ಕಣ್ಣಿನ ಗುಳಿ, ಬಾಯಿಯ ಮೂಲೆ ಒಂದಾದ ಮೇಲೊಂದು ಸಿಕ್ಕವು. ಬಾಯೊಳಗೆ ಬೆರಳಿಟ್ಟೆ. ಬದುಕಿರುವ ಕರು ಚೀಪುತ್ತದೆ, ನಾಲಗೆಯನ್ನಾದರೂ ಎಳೆದುಕೊಳ್ಳುತ್ತದೆ. ಇದು ಏನೂ ಮಾಡಲಿಲ್ಲ. ಕಾಲಿನ ಗೊರಸಿನ ಸಂದಿ ಹಿಂಡಿದೆ. ಇಲ್ಲ.

"ಕರು ಇಲ್ಲಮ್ಮ. ಹಸು ಉಳಿಸ್ಕೊಳ್ಳೋಣ" ಎಂದೆ.

ಅವಳು ಹೋಗಿ ಬಕೆಟ್ಟಿನಲ್ಲಿ ಇನ್ನಷ್ಟು ಬಿಸಿನೀರು ತಂದಿಟ್ಟಳು.

ಕರುವನ್ನು ಮೊದಲು ಒಳಕ್ಕೆ ತಳ್ಳಬೇಕು, ತಲೆ ತಿರುಗಲು ಜಾಗ ಆಗುವಷ್ಟು. ಹಸು ತಿಣುಕಿದಾಗ ಸುಮ್ಮನಿದ್ದು, ಬಿಟ್ಟಾಗ ತಳ್ಳುವುದು. ಪ್ರತಿ ತಿಣುಕಿಗೂ ನನ್ನ ತೋಳು ಹಸುವಿನ ಸೊಂಟದ ಮೂಳೆಗೆ ಸಿಕ್ಕಿ ಹಿಂಡಿಹೋಗುತ್ತಿತ್ತು. ಕೆಳದವಡೆಗೆ ಹಗ್ಗದ ಕುಣಿಕೆ ಹಾಕಿದೆ. ಹೊರಗಿನಿಂದ ಸಹಾಯಕರು ಮೆಲ್ಲಗೆ ಜಗ್ಗಬೇಕು, ಒಳಗೆ ನಾನು ಮೂತಿಯನ್ನು ಅಂಗೈಯಲ್ಲಿ ಮುಚ್ಚಿ, ಹಲ್ಲು ಗರ್ಭಕೋಶಕ್ಕೆ ತಾಗದ ಹಾಗೆ ನನ್ನ ಕಡೆಗೆ ತಿರುಗಿಸಿ ತರಬೇಕು.

ಆ ತಿರುಗಿಸಿ ತರುವ ಎಳೆತ ಮುಂಗೈಯದಲ್ಲ. ಮೊಣಕೈಯನ್ನು ಮೈಯ ಕಡೆಗೆ ಸೆಳೆಯುವ ಎಳೆತ. ಅದು ಹೊರಟಿದ್ದು ಬೆನ್ನಿನಿಂದ, ಭುಜದ ಮೂಳೆಯ ಕೆಳಗಿನಿಂದ. ಸರ್ಜನ್ ಎರಡು ಬೆರಳಲ್ಲಿ ಹಿಡಿದು 'ಚೆನ್ನಾಗಿ ಬಿಗೀತಿದೆ' ಎಂದಿದ್ದ ಜಾಗ. ಎದೆಯ ಆ ಕಡೆ ಏನೂ ತಿಳಿಯುತ್ತಿರಲಿಲ್ಲ. ಬೆನ್ನಿನ ಅಷ್ಟು ಜಾಗ ಮಾತ್ರ ಉರಿಯುತ್ತಿತ್ತು. ಇದನ್ನು ಕತ್ತರಿಸಿ ಮುಂದಕ್ಕೆ ತರುತ್ತಾರೆ ಎಂದು ಹಸುವಿನೊಳಗೆ ಕೈ ಇದ್ದಾಗಲೇ ಲೆಕ್ಕ ಹೊಳೆಯಿತು.

ತಲೆ ಬಂತು. ಎರಡು ಕಾಲಿಗೂ ಹಗ್ಗ ಕಟ್ಟಿ, ಒಂದೊಂದಾಗಿ, ಕೆಳಮುಖವಾಗಿ ಎಳೆದೆವು. ಕರು ಹೊರಬಿತ್ತು. ಹೆಣ್ಣು. ಹೆಂಗಸು ಅದರ ಮೇಲೆ ಗೋಣಿಚೀಲ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಹಸು ಎದ್ದು ನಿಂತಿತು. ಗರ್ಭಕೋಶದಲ್ಲಿ ಹರಿದಿಲ್ಲವೆಂದು ನೋಡಿ, ಮಾತ್ರೆ ಇಟ್ಟು, ಕೈ ತೊಳೆದೆ. ಬಟ್ಟೆ ಒದ್ದೆಯಾಗಿ ಮೈಗಂಟಿತ್ತು. ಅವಳು ನೇರವಾಗಿ ನನ್ನ ಎದೆ ನೋಡಿದಳು.

"ಒಸ್ದು ಮಾಡ್ತರಂತಲ್ಲ ಈಗ?"

"ಮಾಡಿಸ್ಕೊಳ್ತಿದೀನಿ. ಬೆನ್ನಿನ ಮಾಂಸ ತಂದು ಹಾಕ್ತಾರೆ."

"ಬೆನ್ನಿಂದ್ಲಾ?" ಎಂದಳು. ಸಹಾಯಕರ ಕಡೆ ತಿರುಗಿ, "ಒಂದ್ಕಡೆ ಅಳ್ಳ ತೋಡಿ ಇನ್ನೊಂದ್ಕಡೆ ಮುಚ್ಚೋದು, ನಮ್ ಪಂಚಾಯ್ತಿಯೋರ್ ರೋಡ್ ಮಾಡ್ದಂಗೆ" ಎಂದಳು. ಸಹಾಯಕರು ನಕ್ಕು, ನನ್ನ ಮುಖ ನೋಡಿ ನಿಲ್ಲಿಸಿದರು.

ಮರುದಿನ ಎಡಗೈ ಊದಿತು. ಬೆರಳಿನ ಗೆಣ್ಣುಗಳು ಮುಚ್ಚಿಹೋದವು. ಮುಂಗೈಯನ್ನು ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಮಂಡ್ಯದ ಫಿಸಿಯೋಥೆರಪಿಯವರು ಬೆರಳಿನಿಂದ ಹೆಗಲಿನವರೆಗೆ ಪದರ ಪದರವಾಗಿ ಪಟ್ಟಿ ಸುತ್ತಿದರು. ಹಸುವಿನ ವಿಷಯ ಹೇಳಿದಾಗ ಬೈಯಲಿಲ್ಲ. ಸುತ್ತುವುದನ್ನು ಮಾತ್ರ ಒಂದು ಕ್ಷಣ ನಿಲ್ಲಿಸಿದರು.

ಮನೆಯಲ್ಲಿ ಗಂಡ ಕೇಳಿದರು, "ಕೈ ಹಾಕಬೇಡ ಅಂದಿರಲಿಲ್ವಾ?"

"ಅಂದಿದ್ರು."

"ಮತ್ತೆ?"

 ಸರ್ಜನ್ ತಿಳಿದುಕೊಂಡದ್ದು ತಪ್ಪು, ಕೆಲಸದ ಕೈ ಎಡಗೈ ಎಂದೆ. ಅವರು ಅನ್ನಕ್ಕೆ ಸಾರು ಕಲಸುತ್ತಾ, "ಇಷ್ಟು ವರ್ಷ ನೋಡಿದೀನಿ, ನನಗೂ ಹೊಳೀಲಿಲ್ಲ ನೋಡು" ಎಂದರು. ಆಮೇಲೆ ಒಂದು ದಾರಿ ಹೇಳಿದರು. "ಆಪರೇಷನ್ ಮಾಡಿಸ್ಕೋ. ಮಂಡ್ಯದ ಆಫೀಸಿಗೆ ವರ್ಗ ಕೇಳು. ಇಂಥ ಕಾಯಿಲೆಗೆ ಇಲ್ಲ ಅನ್ನಲ್ಲ. ಮೇಜಿನ ಕೆಲಸ. ಕೈಯೂ ಉಳಿಯುತ್ತೆ, ಅದೂ ಆಗುತ್ತೆ."

ಅದು ಸರಿಯಾದ ಮಾತು. ಈಗಲೂ ಸರಿಯೆಂದೇ ಅನ್ನಿಸುತ್ತದೆ. ಬೆನ್ನಿನ ಸ್ನಾಯು ಕೊಟ್ಟು ಎದೆ ಪಡೆದು ಮೇಜಿನ ಮುಂದೆ ಕೂರುವುದು; ಇಲ್ಲವೆಂದರೆ ಚಪ್ಪಟೆ ಎದೆಯಲ್ಲಿ, ಊದುವ ಕೈಯಲ್ಲಿ ಕೊಟ್ಟಿಗೆ ಕೊಟ್ಟಿಗೆ ತಿರುಗುವುದು. ಹೀಗೆ ಎದುರುಬದುರು ಇಟ್ಟರೆ ಯಾರಾದರೂ ಮೊದಲನೆಯದನ್ನೇ ಆರಿಸುತ್ತಾರೆ. ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಆ ವಾರವೆಲ್ಲ ನಾನೂ ಮೊದಲನೆಯದನ್ನೇ ಆರಿಸಿದೆ. ಮಂಡ್ಯದ ಆಫೀಸನ್ನು ಕಲ್ಪಿಸಿಕೊಂಡೆ. ಇಸ್ತ್ರಿ ಮಾಡಿದ ಸೀರೆ, ಎರಡೂ ಕಡೆ ಸಮವಾದ ರವಿಕೆ, ಬೇರೆಯವರು ಎಳೆದ ಕರುಗಳ ವರದಿ. ಬೇಸರವೂ ಆಗಲಿಲ್ಲ, ಆಸೆಯೂ ಆಗಲಿಲ್ಲ. ನನಗೆ ಯಾವುದು ಬೇಕು ಎಂದು ಮೈಯನ್ನು ಕೇಳಿದರೆ ಮೈ ಉತ್ತರ ಕೊಡುತ್ತಿರಲಿಲ್ಲ. ಆ ಕೊಟ್ಟಿಗೆಯಲ್ಲಿ ಬೆನ್ನಿನ ಒಂದು ಜಾಗ ಉರಿದದ್ದೊಂದೇ, ಆ ವರ್ಷದಲ್ಲಿ ನನಗೆ ಆದದ್ದು ಎಂದು ಖಚಿತವಾಗಿ ಹೇಳಬಹುದಾದದ್ದು. ಒಂದು ಉರಿಯನ್ನು ನಂಬಿ ಇಂಥದ್ದನ್ನು ತೀರ್ಮಾನಿಸಬಹುದೇ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಕೆಳಗೆ ಉತ್ತರ ಬರೆದಿಲ್ಲ.

ಊತ ಅರ್ಧ ಇಳಿದ ಮೇಲೆ ಮತ್ತೆ ಸರ್ಜನ್ ಬಳಿ ಹೋದೆವು. ಎಡಗೈ ವಿಷಯ ಹೇಳಿದೆ. ಕೆಲಸ ತೋರಿಸಿದೆ ಕೂಡ: ಎದ್ದು ನಿಂತು, ಮುಂದೆ ಹಸುವಿದೆ ಎಂದುಕೊಂಡು ತೋಳು ಚಾಚಿ ಎಳೆದೆ. ಅವರು ಕನ್ನಡಕ ತೆಗೆದು ನೋಡಿದರು.

"ಇದನ್ನ ಮೊದಲೇ ಹೇಳಬಾರದಾ ಡಾಕ್ಟ್ರೇ?"

"ಹೇಳಬೇಕಿತ್ತು."

"ನಾನೂ ಕೇಳಬೇಕಿತ್ತು. ಪಶುವೈದ್ಯರು ಅಂದಾಗ ನಾಯಿಗೆ ಇಂಜೆಕ್ಷನ್ ಕೊಡೋದೇ ಕಣ್ಣಿಗೆ ಬಂತು ನನಗೆ."

ಮತ್ತೆ ಚೀಟಿಯ ಹಿಂದೆ ಬರೆದರು. ಬೆನ್ನಿನ ಸ್ನಾಯು ಹೋದರೂ ಬೇರೆ ಸ್ನಾಯುಗಳು ಸ್ವಲ್ಪ ಕೆಲಸ ವಹಿಸಿಕೊಳ್ಳುತ್ತವೆ. ಮನೆಗೆಲಸಕ್ಕೆ ಸಾಲುತ್ತದೆ, ಈ ಎಳೆತಕ್ಕೆ ಸಾಲುತ್ತದೆ ಎಂದು ಹೇಳಲಾರೆ ಎಂದರು. ಸ್ನಾಯು ಮುಟ್ಟದೆ ಹೊಟ್ಟೆಯ ಕೊಬ್ಬು ಮಾತ್ರ ತೆಗೆದು, ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸುವ ವಿಧಾನವಿದೆ, ಬೆಂಗಳೂರಿಗೆ ಹೋಗಬೇಕು. ನನ್ನ ಹೊಟ್ಟೆಯಲ್ಲಿರುವಷ್ಟು ಕೊಬ್ಬಿಗೆ ಹೊಸ ಸ್ತನ ಚಿಕ್ಕದಾಗುತ್ತದೆ. "ಸಮ ಆಗಬೇಕು ಅಂದರೆ ಬಲಗಡೆಯದನ್ನೂ ಕತ್ತರಿಸಿ ಚಿಕ್ಕದು ಮಾಡಬೇಕು."

ಚೆನ್ನಾಗಿರುವುದನ್ನು ಕತ್ತರಿಸುವುದು. ನಾನು ಅದಕ್ಕೂ ಸರಿ ಎಂದುಬಿಡುತ್ತೇನೆಯೇ ಎಂದು ನನಗೇ ಕುತೂಹಲವಾಯಿತು. ಸರಿ ಎನ್ನಲಿಲ್ಲ.

"ಇನ್ನೊಂದು ಮಾತು" ಎಂದರು, ಪಟ್ಟಿ ಸುತ್ತಿದ ಕೈ ಹಿಡಿದು. "ಸ್ನಾಯು ಉಳಿಸಿಕೊಂಡ್ರಿ ಅಂತಿಟ್ಕೊಳ್ಳಿ. ಈ ಕೈ ಎಷ್ಟು ಹಸುವಿಗೆ ಬರುತ್ತೆ ಅಂತ ನಾನು ಹೇಳಲಾರೆ. ಇನ್ನೊಂದ್ಸಲ ಹೀಗೆ ಊದಿದರೆ ಇಳಿಯದೆ ನಿಲ್ಲಬಹುದು. ಆಗ ಎರಡೂ ಇಲ್ಲ."

"ಗೊತ್ತಾಯ್ತು."

"ಹಾಗಾದ್ರೆ?"

ಗಂಡನ ಕಡೆ ನೋಡಲಿಲ್ಲ. "ಬೆನ್ನು ಬೇಡ ಸಾರ್. ಹೊಟ್ಟೆಯೂ ಬೇಡ. ಏನೂ ಮಾಡೋದು ಬೇಡ."

"ಸದ್ಯಕ್ಕೋ, ಯಾವಾಗಲೂನೋ?"

"ಸದ್ಯಕ್ಕೆ" ಎಂದೆ. ಅದು ಅವರ ಸಮಾಧಾನಕ್ಕೆ ಹೇಳಿದ್ದು ಎಂದು ಈಗ ಅನ್ನಿಸುತ್ತದೆ. ಆಗ ನಿಜವೂ ಇದ್ದಿರಬಹುದು.

ಹೊರಗೆ ಗಂಡ ಕಾಫಿ ಕುಡಿಸಿದರು. ಲೋಟ ಕೆಳಗಿಟ್ಟು, "ನನಗೇನೂ ಇಲ್ಲ. ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಏನೂ ಇಲ್ಲದವರ ಹಾಗೆ ಕಾಣಲಿಲ್ಲ. ವರ್ಗದ ಮಾತನ್ನು ಅವರು ಆಮೇಲೆ ಎತ್ತಿಲ್ಲ, ಬಿಟ್ಟೂ ಇಲ್ಲ.

ಹಗುರಾಯಿತು ಎಂದು ಬರೆಯಬೇಕಾದ ಜಾಗ ಇದು. ಆಗಲಿಲ್ಲ. ಸಿಲಿಕೋನಿನ ಕೃತಕ ಸ್ತನವನ್ನು ಅಳತೆ ಕೊಟ್ಟು ತರಿಸಿಕೊಂಡೆ. ಬ್ರಾ ಒಳಗೆ ಅದಕ್ಕೊಂದು ಜೇಬು. ಬಿಸಿಲಿಗೆ ಅದರಡಿ ಬೆವರುತ್ತದೆ, ಆದರೆ ಅದು ಸರಿಯುವುದಿಲ್ಲ. ಬಗ್ಗುವ ಕೆಲಸವಿದ್ದರೆ ತೆಗೆದು ಔಷಧಿಯ ಬ್ಯಾಗಿನಲ್ಲಿಡುತ್ತೇನೆ. ಒಮ್ಮೆ ಸಹಾಯಕರು ತಲೆ ತಗ್ಗಿಸಿ ಬಂದರು. "ಮೇಡಂ, ನೋಡ್ನಿಲ್ಲ. ಅದ್ರ ಮೇಲೆ ಕ್ಯಾಲ್ಸಿಯಂ ಬಾಟ್ಲು ಇಟ್ಬುಟ್ಟೆ."

"ಏನೂ ಆಗಲ್ಲ. ಅದಕ್ಕೆ ನೋವಾಗಲ್ಲ" ಎಂದೆ. ಇಬ್ಬರೂ ನಕ್ಕೆವು. ನನ್ನ ನಗು ಅವರದಕ್ಕಿಂತ ಸ್ವಲ್ಪ ತಡವಾಗಿ ಬಂತು.

ಹೊಸದೊಂದು ಒಪ್ಪಂದವನ್ನೂ ಮಾಡಿಕೊಂಡೆ. ದಿನನಿತ್ಯದ ಪರೀಕ್ಷೆಗಳನ್ನು ಬಲಗೈಯಲ್ಲಿ ಕಲಿಯುವುದು, ಎಡಗೈಯನ್ನು ಹೆರಿಗೆಗೆ ಮಾತ್ರ ಇಟ್ಟುಕೊಳ್ಳುವುದು. ಆಸ್ಪತ್ರೆಯಲ್ಲಿ ಹಸುವನ್ನು ಕಟ್ಟುವ ಕಬ್ಬಿಣದ ಚೌಕಟ್ಟಿನ ಹಿಂದೆ ನಿಂತು, ಮೊದಲ ವರ್ಷದ ವಿದ್ಯಾರ್ಥಿಯ ಹಾಗೆ ಬಲಗೈಗೆ ಹೇಳಿಕೊಡುತ್ತೇನೆ: ಇದು ಮೂಳೆಯ ಅಂಚು, ಇದರ ಕೆಳಗೆ ಗರ್ಭದ ಕತ್ತು. ನಾನು ಹೇಳಿದ ಮೇಲೆ ಸಹಾಯಕರು ಕೈ ಹಾಕಿ ನೋಡುತ್ತಾರೆ. ಸಾಕಷ್ಟು ಸಲ ತಪ್ಪಿದ್ದೇನೆ.

ಆ ರೈತ ಹೆಂಗಸು ಅದೇ ಹಸುವನ್ನು ಹೊಡೆದುಕೊಂಡು ಬಂದದ್ದು ಬೇಸಿಗೆ ಕಳೆದ ಮೇಲೆ. ಗರ್ಭಧಾರಣೆ ಮಾಡಿಸಿ ಎರಡು ತಿಂಗಳ ಮೇಲಾಗಿತ್ತು. ಬಲಗೈ ಹಾಕಿದೆ. ಗರ್ಭಕೋಶದ ಎರಡು ಕವಲುಗಳಲ್ಲಿ ಒಂದು ಇನ್ನೊಂದಕ್ಕಿಂತ ದಪ್ಪ, ಒಳಗೆ ನೀರು ತುಂಬಿದ ಹಾಗೆ. ಗಾಬರಿಯಿಂದ ಇನ್ನೊಮ್ಮೆ ನೋಡಿದೆ. ಹೌದು.

"ಗಬ್ಬ ನಿಂತದಾ?" ಎಂದಳು.

"ನಿಂತಿದೆ." ಸಹಾಯಕರೂ ನೋಡಿ ತಲೆಯಾಡಿಸಿದರು.

ಅವಳು ಈಗ ನನ್ನ ಎದೆ ನೋಡಿದಳು. ಕೃತಕ ಸ್ತನ ಬ್ಯಾಗಿನಲ್ಲಿತ್ತು.

"ಆಕಿಸ್ಕಳ್ನೇ ಇಲ್ವಲ್ಲ ನೀವು?"

"ಇಲ್ಲ."

"ಯಾಕ್ರವ್ವ?"

"ಬೆನ್ನು ಬೇಕಾಗಿತ್ತು. ಕರು ಎಳೆಯೋಕೆ."

 "ನಮ್ದು ಸತ್ತೇ ಓಗಿತ್ತಲ್ಲ" ಎಂದಳು.

ಸಹಾಯಕರು ಹಸುವಿನ ಹಗ್ಗ ಬಿಚ್ಚುವ ನೆಪ ಮಾಡಿದರು. ಅವಳು ಚುಚ್ಚಲು ಹೇಳಿದ್ದಲ್ಲ. ಆದದ್ದನ್ನು ಹೇಳಿದಳು. ನನ್ನ ಲೆಕ್ಕದಲ್ಲಿ ನಾನೇ ಬಿಟ್ಟಿದ್ದ ಸಾಲು ಅದು.

"ಹೌದು, ಸತ್ತಿತ್ತು" ಎಂದೆ.

ಗವಸು ಕಳಚಿದೆ. ಅವಳು ಚೊಂಬಿನಿಂದ ನೀರು ಹಾಕಿದಳು, ನಾನು ಕೈ ತೊಳೆದೆ. "ಇದು ಯಾವಾಗ ಈಯ್ತದೆ?" ಎಂದು ಕೇಳಿದಳು. ತಿಂಗಳು ಎಣಿಸಿ, ಬರುವ ಕಬ್ಬು ಕಡಿಯುವ ಹೊತ್ತಿಗೆ ಎಂದೆ.

"ಆಗ ಗಂಡಸ್ರು ಯಾರೂ ಮನೇಲಿರಾಕಿಲ್ಲ. ನೀವೇ ಬರ್ಬೇಕು."

ಅಷ್ಟು ಹೊತ್ತಿಗೆ ಎಡಗೈ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ಆದರೂ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.

"ಬರ್ತೀನಿ" ಎಂದೆ.